ಪ್ರಯಾಣಿಕನ ಬೆನ್ನು: ರಥದಿಂದ ಬಸ್ಸಿನವರೆಗೆ

ಯಾವ ರಾಜ ಯಾವ ದಾರಿಯಲ್ಲಿ ದಂಡೆತ್ತಿ ಹೋದ, ಯಾವ ಯಾತ್ರಿಕ ಎಷ್ಟು ವರ್ಷ ದೇಶ ಸುತ್ತಿದ, ಯಾವ ಊರಿಗೆ ರೈಲು ಯಾವಾಗ ಬಂತು ಎಂಬುದೆಲ್ಲ ನಮ್ಮ ಚರಿತ್ರೆಯ ಪಾಠಗಳಲ್ಲಿದೆ. ಹಾಗೆ ಹೋದವರ ಬೆನ್ನು ಏನಾಯಿತು ಎಂಬ ಪ್ರಶ್ನೆಯನ್ನು ಮಾತ್ರ ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ಆದರೆ ಇದು ಸಣ್ಣ ಪ್ರಶ್ನೆಯಲ್ಲ. 2020ರಲ್ಲಿ ಪ್ರಪಂಚದ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತೆಂದೂ 2050ರ ವೇಳೆಗೆ ಈ ಸಂಖ್ಯೆ 84 ಕೋಟಿ ಮುಟ್ಟಬಹುದೆಂದೂ 2023ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು ಅಂದಾಜು ಮಾಡಿದೆ. ಜನರ ದಿನನಿತ್ಯದ ಕೆಲಸಗಳನ್ನು ಕುಂಠಿತಗೊಳಿಸುವ ಕಾಯಿಲೆಗಳ ಸಾಲಿನಲ್ಲಿ ಅದಕ್ಕೇ ಮೊದಲ ಸ್ಥಾನ.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿಗೆ ಸಮೀಪದ ಕುಡುಮಲಕುಂಟೆಯನ್ನು ನೋಡಿ. ಕುಂಟೆ ಎಂದರೆ ಚಿಕ್ಕ ಕೆರೆ. ಹೊಲ, ಕುಂಟೆ, ಬಂಡಿಜಾಡುಗಳ ಈ ಸೀಮೆಯಲ್ಲಿ ಇಂದು ಕೈಗಾರಿಕಾ ಪ್ರದೇಶವಿದೆ. ಸುತ್ತಲಿನ ಹಳ್ಳಿಗಳಿಂದ ಪಾಳಿಯ ಕೆಲಸಕ್ಕೆ ಬರುವವರು ಬಸ್ಸು, ವ್ಯಾನು, ದ್ವಿಚಕ್ರ ವಾಹನಗಳನ್ನು ನಂಬಿದ್ದಾರೆ. ಕಾಲೇಜಿಗೆಂದು ದೊಡ್ಡಬಳ್ಳಾಪುರಕ್ಕೋ ಬೆಂಗಳೂರಿಗೋ ಹೋಗುವ ಹುಡುಗ ಹುಡುಗಿಯರು ರೈಲು ಹತ್ತುತ್ತಾರೆ. ಇವರ ಮುತ್ತಜ್ಜಂದಿರು ಇದೇ ದಾರಿಯನ್ನು ನಡೆದೋ ಗಾಡಿಯಲ್ಲೋ ಸವೆಸಿದವರು. ಇಬ್ಬರ ಬೆನ್ನೆಲುಬಿನ ರಚನೆಯೂ ಒಂದೇ. ದಾರಿಯ ರೀತಿ ಮಾತ್ರ ಬದಲಾಗಿದೆ. ಆ ಬದಲಾವಣೆಯಲ್ಲಿ ಬೆನ್ನಿಗೆ ಸಿಕ್ಕಿದ್ದೇನು, ಕಳೆದುಹೋದದ್ದೇನು ಎಂಬುದೇ ಈ ಲೇಖನದ ವಿಷಯ.

ರಥಕ್ಷೋಭ ಮತ್ತು ಅತ್ಯಾಸನ

ಪ್ರಯಾಣಕ್ಕೂ ಬೆನ್ನುನೋವಿಗೂ ಇರುವ ನಂಟನ್ನು ನಮ್ಮ ದೇಶದ ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ಚರಕಸಂಹಿತೆಯ ಕೊನೆಯ ಭಾಗಕ್ಕೆ ಸಿದ್ಧಿಸ್ಥಾನ ಎಂದು ಹೆಸರು. ಈ ಭಾಗವನ್ನು ಪೂರ್ಣಗೊಳಿಸಿದವನು ದೃಢಬಲ. ಅವನ ಕಾಲ ಈಗ್ಗೆ ಸುಮಾರು 1,500 ವರ್ಷಗಳ ಹಿಂದೆ ಎಂದು ವಿದ್ವಾಂಸರು ಹೇಳುತ್ತಾರೆ. ಚಿಕಿತ್ಸೆ ಪಡೆದು ಚೇತರಿಸಿಕೊಳ್ಳುತ್ತಿರುವ ರೋಗಿ ಬಿಡಬೇಕಾದ ಎಂಟು ಸಂಗತಿಗಳ ಪಟ್ಟಿಯೊಂದು ಅಲ್ಲಿದೆ. ಗಟ್ಟಿಯಾಗಿ ಮಾತನಾಡುವುದು, ಹಗಲು ನಿದ್ದೆ, ಅಜೀರ್ಣದಲ್ಲಿ ಊಟ ಮುಂತಾದವುಗಳ ಜೊತೆಗೆ ಮೂರು ಸಂಗತಿಗಳು ನಮ್ಮ ಗಮನ ಸೆಳೆಯುತ್ತವೆ. ಒಂದು ರಥಕ್ಷೋಭ, ಅಂದರೆ ವಾಹನದ ಕುಲುಕಾಟ. ಇನ್ನೊಂದು ಅತ್ಯಾಸನ, ಅಂದರೆ ಅತಿಯಾಗಿ ಕುಳಿತಿರುವುದು. ಮತ್ತೊಂದು ಅತಿಯಾದ ನಡಿಗೆ.

ವಾಹನದ ಕುಲುಕಾಟದಿಂದ ಬರುವ ತೊಂದರೆಗಳಲ್ಲಿ ಸೊಂಟ, ಬೆನ್ನು, ಪಕ್ಕೆಗಳ ನೋವನ್ನು ಗ್ರಂಥ ಹೆಸರಿಸುತ್ತದೆ. ಅತಿಯಾಗಿ ಕೂತರೆ ಏನಾಗುತ್ತದೆ ಎಂಬಲ್ಲಿಗೆ ಬಂದಾಗ, ರಥಕ್ಷೋಭದಿಂದ ಬರುವ ಅದೇ ನೋವುಗಳು ಇಲ್ಲೂ ಬರುತ್ತವೆ ಎನ್ನುತ್ತದೆ. ಅಂದರೆ ಕುಲುಕಾಟವೂ ಕೂತೇ ಇರುವುದೂ ಬೇರೆ ಬೇರೆ ಕಾರಣಗಳು, ಆದರೆ ಪರಿಣಾಮ ಒಂದೇ. ಬಸ್ಸಿನ ಸೀಟಿನಲ್ಲಿ ಎರಡೂ ಕಾರಣಗಳು ಒಟ್ಟಿಗೆ ಕೂಡುತ್ತವೆ ಎಂಬುದನ್ನು ನೆನಪಿಡಿ.

ಪಶ್ಚಿಮದಲ್ಲಿ ಇಂಥ ಆಲೋಚನೆ 1700ರಲ್ಲಿ ಕಾಣಿಸುತ್ತದೆ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜ್ಜಿನಿ ಆ ವರ್ಷ ದುಡಿಯುವವರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ. ಕೂತಲ್ಲೇ ಕೂತು ಹೊಲಿಯುವ ದರ್ಜಿಗಳು ಮತ್ತು ಚಮ್ಮಾರರ ತೊಂದರೆಗಳನ್ನು ವಿವರಿಸಿ, ಅವರು ರಜೆಯ ದಿನವಾದರೂ ಮೈಗೆ ವ್ಯಾಯಾಮ ಕೊಡಬೇಕೆಂದು ಸಲಹೆ ಮಾಡಿದ.

ಹೊರೆ ಇಳಿಸುವ ಕಲ್ಲು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯಲ್ಲಿ ಗಾಡಿ ಓಡಬಲ್ಲ ರಸ್ತೆಗಳು ಕಡಿಮೆ. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಎತ್ತುಗಳ ಬೆನ್ನಿನ ಮೇಲೆ ಸರಕು ಹೇರಿಕೊಂಡು ಹೋಗುವ ವ್ಯಾಪಾರದ ವಿವರಗಳನ್ನು ಬರೆದಿಟ್ಟಿದ್ದಾನೆ. ಎತ್ತು ಇಲ್ಲದವರ ಪಾಲಿಗೆ ತಲೆಹೊರೆಯೇ ಗತಿ. ಸೌದೆ, ಹುಲ್ಲು, ರಾಗಿ ಮೂಟೆ, ಬೆಲ್ಲ, ಮಡಕೆ ಎಲ್ಲವೂ ತಲೆಯ ಮೇಲೆ ಸಂತೆಗೆ ಹೋಗುತ್ತಿದ್ದವು.

ಇಂಥವರಿಗಾಗಿಯೇ ದಾರಿಬದಿಯಲ್ಲಿ ಒಂದು ಏರ್ಪಾಡಿತ್ತು. ಎರಡು ಕಲ್ಲುಗಳನ್ನು ನೆಟ್ಟು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ ಹಾಸುತ್ತಿದ್ದರು. ಇದೇ ಹೊರೆ ಇಳಿಸುವ ಕಲ್ಲು. ತಮಿಳುನಾಡಿನಲ್ಲಿ ಇದಕ್ಕೆ ಸುಮೈತಾಂಗಿ ಎಂದೂ ಕೇರಳದಲ್ಲಿ ಅತ್ತಾಣಿ ಎಂದೂ ಹೆಸರು. ಚಪ್ಪಡಿಯ ಎತ್ತರ ಬಹುಮಟ್ಟಿಗೆ ನಿಂತ ಮನುಷ್ಯನ ಎದೆ ಅಥವಾ ಭುಜದ ಮಟ್ಟಕ್ಕೆ ಬರುತ್ತದೆ. ಹೊರೆ ಹೊತ್ತವರು ಬಗ್ಗದೆ, ಇನ್ನೊಬ್ಬರ ಸಹಾಯ ಕೇಳದೆ ಹೊರೆಯನ್ನು ಕಲ್ಲಿನ ಮೇಲೆ ಸರಿಸಬಹುದು. ದಣಿವಾರಿದ ಮೇಲೆ ನಿಂತಲ್ಲಿಂದಲೇ ಮತ್ತೆ ತಲೆಗೇರಿಸಿಕೊಳ್ಳಬಹುದು. ಭಾರವನ್ನು ನೆಲದಿಂದ ಬಗ್ಗಿ ಎತ್ತುವಾಗ ಬೆನ್ನಿನ ಮೇಲೆ ಬೀಳುವ ಒತ್ತಡ ಎಷ್ಟು ಹೆಚ್ಚು ಎಂಬುದನ್ನು ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದಲ್ಲಿ ಅಳೆದರು. ಕಲ್ಲು ನೆಟ್ಟ ಹಳ್ಳಿಯವರು ಅಳೆಯದೆಯೇ ಅದನ್ನು ಬಲ್ಲವರಾಗಿದ್ದರು.

ಕಲ್ಲಿನ ಹತ್ತಿರ ಮರದ ನೆರಳು, ಕಟ್ಟೆ, ಬೇಸಗೆಯಲ್ಲಿ ಅರವಟ್ಟಿಗೆಯ ನೀರು ಮಜ್ಜಿಗೆ, ದೊಡ್ಡ ದಾರಿಗಳಲ್ಲಿ ಛತ್ರ. ದಾರಿಬದಿಯಲ್ಲಿ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅಲ್ಲಿಂದ ಹಳ್ಳಿಯ ಅರವಟ್ಟಿಗೆಯವರೆಗೆ ಇದು ಒಂದೇ ಪರಂಪರೆ. ದಾರಿಹೋಕನ ದಣಿವು ಅವನೊಬ್ಬನ ತಾಪತ್ರಯವಲ್ಲ, ಊರಿನ ಹೊಣೆ ಎಂಬ ಭಾವನೆ ಅದರ ಹಿಂದೆ ಇತ್ತು.

ಗಾಡಿಯ ಪ್ರಯಾಣ ಸುಖವಾಗಿತ್ತೆಂದು ಯಾರೂ ಭಾವಿಸಬಾರದು. ಕಬ್ಬಿಣದ ಪಟ್ಟಿ ಬಡಿದ ಮರದ ಗಾಲಿ ಕಲ್ಲಿನ ಮೇಲೆ ಹತ್ತಿದರೆ ಆ ಹೊಡೆತ ನೇರವಾಗಿ ಕೂತವರ ಸೊಂಟಕ್ಕೆ ತಾಗುತ್ತಿತ್ತು. ಅದಕ್ಕೇ ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸುತ್ತಿದ್ದರು. ಆದರೂ ಗಾಡಿಯಲ್ಲಿ ಒಂದು ಅನುಕೂಲವಿತ್ತು. ಅದರ ವೇಗ ಮನುಷ್ಯನ ನಡಿಗೆಯ ವೇಗ. ಕಾಲು ಜೋಮು ಹಿಡಿದವರು ಕೆಳಗಿಳಿದು ಗಾಡಿಯ ಪಕ್ಕದಲ್ಲೇ ಒಂದು ಮೈಲಿ ನಡೆಯಬಹುದು, ಮತ್ತೆ ಹತ್ತಬಹುದು. ದಿಣ್ಣೆ ಬಂದರೆ ಎತ್ತಿನ ಮೇಲಿನ ಕರುಣೆಯಿಂದ ಎಲ್ಲರೂ ಇಳಿಯಲೇಬೇಕು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೋ ವಿದುರಾಶ್ವತ್ಥದ ತೇರಿಗೋ ಹೊರಟವರಿಗೆ ನಡಿಗೆ, ಕೂರುವುದು, ಮಲಗುವುದು, ನಿಲ್ಲುವುದು ಎಲ್ಲವೂ ಒಂದೇ ಪ್ರಯಾಣದಲ್ಲಿ ಸೇರಿರುತ್ತಿದ್ದವು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಹದಿಹರೆಯದಲ್ಲಿ ಓದಿನ ಆಸೆಯಿಂದ ಬೆಂಗಳೂರಿಗೆ ನಡೆದೇ ಹೋದರು. ಸುಮಾರು 80 ಕಿಲೋಮೀಟರ್ ದೂರಕ್ಕೆ ಎರಡು ದಿನ ಹಿಡಿಯಿತು. ಆ ಹೊತ್ತಿಗೆ ಗೌರಿಬಿದನೂರಿಗೆ ರೈಲು ಬಂದು ದಶಕಗಳೇ ಆಗಿದ್ದವು. ಆದರೆ ಎಲ್ಲರ ಕೈಯಲ್ಲೂ ಟಿಕೆಟ್ಟಿಗೆ ಹಣ ಇರಬೇಕಲ್ಲ! ನಡಿಗೆ ಬಡವರ ಆಯ್ಕೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು ಎಂಬುದನ್ನೂ ನಾವು ಮರೆಯಬಾರದು.

ಗಾಲಿಗೆ ಬಂದ ಕಮಾನು

ವಾಹನದ ಕುಲುಕಾಟ ಕಡಿಮೆ ಮಾಡುವ ಪ್ರಯತ್ನ ಯುರೋಪಿನಲ್ಲಿ ಮೂರು ದಿಕ್ಕಿನಿಂದ ನಡೆಯಿತು. ಇಂಗ್ಲೆಂಡಿನ ಒಬಾಡಿಯಾ ಎಲಿಯಟ್ 1804ರಲ್ಲಿ ಬಾಗಿದ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಕಮಾನಿಗೆ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಜಾನ್ ಮೆಕ್‌ಆಡಂ ಜಲ್ಲಿಕಲ್ಲಿನ ಗಟ್ಟಿ ರಸ್ತೆಯ ಕ್ರಮವನ್ನು ರೂಢಿಗೆ ತಂದ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ. ನಮ್ಮ ಎತ್ತಿನ ಗಾಡಿಗೆ ರಬ್ಬರ್ ಟೈರು ಬರುವುದಕ್ಕೆ ಮತ್ತೆ ಹಲವು ದಶಕಗಳೇ ಬೇಕಾದವು. ಅದು ಬಂದಾಗ ಹಳ್ಳಿಯವರು ಅದನ್ನು ಟೈರ್ ಗಾಡಿ ಎಂದೇ ಕರೆದರು.

ಮೈಸೂರು ಸಂಸ್ಥಾನದಲ್ಲಿ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ರಸ್ತೆಗಳು ಬೆಳೆದವು. 1864ರಲ್ಲಿ ಬೆಂಗಳೂರಿಗೆ ಜೋಲಾರ್‌ಪೇಟೆಯ ಕಡೆಯಿಂದ ರೈಲು ಬಂತು. 1890ರ ದಶಕದಲ್ಲಿ ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮೂಲಕ ಹಿಂದೂಪುರದ ಕಡೆಗೆ ಹಳಿ ಬಿತ್ತು. ಮಾಕಳಿದುರ್ಗದ ಏರನ್ನು ಎತ್ತಿನ ಗಾಡಿಯಲ್ಲಿ ಹತ್ತುತ್ತಿದ್ದ ದೂರವನ್ನು ಈಗ ಕೂತಲ್ಲಿಂದಲೇ ದಾಟಬಹುದಾಯಿತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. ಇಂದಿನ ರಾಜ್ಯ ರಸ್ತೆ ಸಾರಿಗೆ ನಿಗಮದ ಮೂಲ ಅದೇ.

ಹೊಸ ವಾಹನಗಳು ಹೊಸ ಚಿಂತೆಗಳನ್ನೂ ತಂದವು. ರೈಲು ಪ್ರಯಾಣದ ಅಲುಗಾಟ ಆರೋಗ್ಯದ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬ ಬಗ್ಗೆ ಲಂಡನ್ನಿನ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' 1862ರಲ್ಲಿ ಒಂದು ವಿಚಾರಣೆಯನ್ನೇ ನಡೆಸಿತು. 1866ರಲ್ಲಿ ಜಾನ್ ಎರಿಕ್ಸನ್ ಎಂಬ ಶಸ್ತ್ರವೈದ್ಯ ರೈಲು ಅಪಘಾತದಲ್ಲಿ ಹೊರಗಾಯವೇ ಇಲ್ಲದೆ ಬೆನ್ನುನೋವಿನಿಂದ ನರಳುವವರ ಬಗ್ಗೆ ಉಪನ್ಯಾಸಗಳನ್ನು ಪ್ರಕಟಿಸಿದ. ಕಣ್ಣಿಗೆ ಕಾಣದ ನೋವು ನಿಜವೋ ಪರಿಹಾರಧನಕ್ಕಾಗಿ ಹೂಡಿದ ನಾಟಕವೋ ಎಂಬ ವಾದ ನ್ಯಾಯಾಲಯಗಳಲ್ಲಿ ಬಹಳ ಕಾಲ ನಡೆಯಿತು. ಬೆನ್ನುನೋವಿನವರನ್ನು ಸುಮ್ಮನೆ ಸೋಮಾರಿಗಳೆನ್ನುವ ಅಭ್ಯಾಸ ಇಂದಿಗೂ ಹೋಗಿಲ್ಲ.

ಬಿಲ್ಲೆಗಳ ಒಳಗಿನ ಲೆಕ್ಕ

ಬೆನ್ನಿನ ಒಳಗೆ ಏನು ನಡೆಯುತ್ತದೆ? ನಮ್ಮ ಬೆನ್ನೆಲುಬಿನಲ್ಲಿ ಒಂದರ ಮೇಲೊಂದು ಕೂತ 24 ಮಣಿಗಳಿವೆ. ಅವುಗಳ ಕೆಳಗೆ ಬೆಸೆದುಕೊಂಡ ಎರಡು ಮೂಳೆಗಳಿವೆ. ಮಣಿಗಳ ನಡುವೆ ಮೆತ್ತೆಯಂಥ 23 ಬಿಲ್ಲೆಗಳು. ವೈದ್ಯರು ಇವನ್ನು ಡಿಸ್ಕ್ ಎನ್ನುತ್ತಾರೆ. ಬಿಲ್ಲೆ ಪಕ್ಕಕ್ಕೆ ಉಬ್ಬಿ ನರವನ್ನು ಒತ್ತಿದರೆ ಕಾಲಿಗೆ ಹರಿಯುವ ನೋವು ಬರುತ್ತದೆ ಎಂಬುದನ್ನು ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ಸ್ಪಷ್ಟಪಡಿಸಿದರು.

ವಯಸ್ಕರಲ್ಲಿ ಈ ಬಿಲ್ಲೆಯ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಸುತ್ತಲಿನಿಂದ ಜಿನುಗಿ ಬರುವ ದ್ರವದಿಂದಲೇ ಅದಕ್ಕೆ ಆಹಾರ. ನಾವು ಓಡಾಡುವಾಗ ಬಿಲ್ಲೆ ಸ್ಪಂಜಿನಂತೆ ಒತ್ತಿ ಬಿಟ್ಟು ಒತ್ತಿ ಬಿಟ್ಟು ಆಗುತ್ತದೆ. ಇದರಿಂದ ದ್ರವದ ಹೋಗುಬರವು ಸುಗಮವಾಗುತ್ತದೆ. ಹಗಲೆಲ್ಲ ಭಾರ ಹೊತ್ತ ಬಿಲ್ಲೆಗಳು ಸಂಜೆಗೆ ಸ್ವಲ್ಪ ಬತ್ತುತ್ತವೆ, ರಾತ್ರಿ ಮಲಗಿದಾಗ ಮತ್ತೆ ನೀರು ಹೀರಿ ಉಬ್ಬುತ್ತವೆ. ನಂಬಿಕೆ ಬಾರದಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಗೋಡೆಗೆ ಒರಗಿ ನಿಮ್ಮ ಎತ್ತರ ಅಳೆದುಕೊಳ್ಳಿ. ಒಂದು ಸೆಂಟಿಮೀಟರ್ ಆಸುಪಾಸಿನ ವ್ಯತ್ಯಾಸ ಕಾಣುತ್ತದೆ.

ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಬಿಲ್ಲೆಗೆ ಸೂಜಿ ಸೇರಿಸಿ ಒತ್ತಡ ಅಳೆದರು. ನಿಂತಾಗಿಗಿಂತ ಕೂತಾಗ ಒತ್ತಡ ಹೆಚ್ಚು ಎಂದು ಅವರಿಗೆ ಕಂಡಿತು. ಇದು ಪಠ್ಯಪುಸ್ತಕಗಳಿಗೂ ಸೇರಿತು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಹೊಸ ಉಪಕರಣದಿಂದ ಒಬ್ಬ ಸ್ವಯಂಸೇವಕನ ಬಿಲ್ಲೆಯಲ್ಲಿ ಅಳೆದಾಗ, ಒರಗಿ ಆರಾಮವಾಗಿ ಕೂತಾಗ ಒತ್ತಡ ನಿಂತಾಗಿಗಿಂತ ಹೆಚ್ಚಿರಲಿಲ್ಲ. ಮುಂದೆ ಬಾಗಿ ಭಾರ ಎತ್ತಿದಾಗ ಮಾತ್ರ ಒತ್ತಡ ಬಹಳವಾಗಿ ಏರಿತು. ಒಂದೇ ಭಂಗಿ 'ಸರಿ', ಉಳಿದವು 'ತಪ್ಪು' ಎಂಬ ಸರಳ ತೀರ್ಮಾನಕ್ಕಿಂತ ಭಂಗಿ ಬದಲಾಯಿಸುತ್ತಿರುವುದು ಮುಖ್ಯ ಎಂಬ ಕಡೆಗೆ ಇಂದಿನ ತಿಳಿವಳಿಕೆ ವಾಲಿದೆ.

ಇನ್ನು ಕುಲುಕಾಟ. ಉಯ್ಯಾಲೆಯನ್ನು ಅದರ ಸಹಜ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ಅದು ದೊಡ್ಡದಾಗಿ ತೂಗುತ್ತದೆ. ಇದನ್ನು ಭೌತಶಾಸ್ತ್ರದಲ್ಲಿ ಅನುರಣನ ಎನ್ನುತ್ತೇವೆ. ಕೂತ ಮನುಷ್ಯನ ಶರೀರಕ್ಕೂ ಇಂಥ ಸಹಜ ಲಯವಿದೆ. ಮೇಲೆ ಕೆಳಗೆ ಅಲುಗುವ ಚಲನೆಗೆ ಅದು ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ. ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಅಲುಗಾಟದಲ್ಲಿ ಈ ಲಯವೂ ಸೇರಿರುತ್ತದೆ. ಆಗ ಸೀಟು ಅಲುಗಿದ್ದಕ್ಕಿಂತ ಹೆಚ್ಚಾಗಿ ಬೆನ್ನೇ ಅಲುಗುತ್ತದೆ. ಶರೀರಕ್ಕೆ ತಾಗುವ ಕಂಪನವನ್ನು ಅಳೆಯುವ ಅಂತಾರಾಷ್ಟ್ರೀಯ ಮಾನದಂಡ 1974ರಲ್ಲಿ ಬಂತು. ಕೆಲಸಗಾರರಿಗೆ ದಿನಕ್ಕೆ ಎಷ್ಟು ಕಂಪನ ತಾಗಬಹುದು ಎಂಬುದಕ್ಕೆ ಯುರೋಪಿನ ಒಕ್ಕೂಟ 2002ರಲ್ಲಿ ಮಿತಿ ಹಾಕಿತು. ದಿನವಿಡೀ ಸ್ಟೀರಿಂಗ್ ಹಿಡಿದಿರುವ ಚಾಲಕರ ಬೆನ್ನು ನಮ್ಮ ನಿಮ್ಮ ಬೆನ್ನಿಗಿಂತ ಹೆಚ್ಚು ಅಪಾಯದಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ.

ಮಲಗು ಎಂದವರು, ನಡೆ ಎಂದವರು

ಬೆನ್ನು ಹಿಡಿದರೆ ಏನು ಮಾಡಬೇಕು? ಹತ್ತೊಂಬತ್ತನೆಯ ಶತಮಾನದ ವೈದ್ಯರ ಉತ್ತರ ವಿಶ್ರಾಂತಿ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1863ರಲ್ಲಿ ವಿಶ್ರಾಂತಿಯ ಮಹತ್ವದ ಬಗ್ಗೆಯೇ ಪುಸ್ತಕ ಪ್ರಕಟಿಸಿದ. ಮುಂದೆ ಸುಮಾರು ನೂರು ವರ್ಷ ಬೆನ್ನುನೋವಿನವರನ್ನು ವಾರಗಟ್ಟಲೆ ಗಟ್ಟಿ ಹಲಗೆಯ ಮೇಲೆ ಮಲಗಿಸುವುದೇ ಪದ್ಧತಿಯಾಯಿತು. ದಿನಗೂಲಿಯವರ ಮನೆಯಲ್ಲಿ ಇದರ ಅರ್ಥವೇನೆಂದು ಯೋಚಿಸಿ. ವಾರ ಮಲಗಿದರೆ ವಾರದ ಕೂಲಿ ಇಲ್ಲ.

1986ರಲ್ಲಿ ಅಮೆರಿಕದ ರಿಚರ್ಡ್ ಡೆಯೊ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿದರು. 203 ರೋಗಿಗಳಲ್ಲಿ ಕೆಲವರಿಗೆ 2 ದಿನ, ಉಳಿದವರಿಗೆ 7 ದಿನ ಮಲಗಿರಲು ಹೇಳಿದರು. ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ 2 ದಿನದ ಗುಂಪಿನವರು ಕಳೆದುಕೊಂಡ ಕೆಲಸದ ದಿನಗಳು ಶೇಕಡ 45ರಷ್ಟು ಕಡಿಮೆ. 1995ರಲ್ಲಿ ಫಿನ್‌ಲೆಂಡಿನ ಅಧ್ಯಯನ ಇನ್ನೂ ಮುಂದೆ ಹೋಯಿತು. ನೋವು ತಡೆದುಕೊಳ್ಳುವಷ್ಟರ ಮಟ್ಟಿಗೆ ನಿತ್ಯದ ಓಡಾಟ ನಡೆಸಿದವರೇ ಮಲಗಿದವರಿಗಿಂತ ಬೇಗ ಚೇತರಿಸಿಕೊಂಡಿದ್ದರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿ, ವ್ಯಾಯಾಮ ಮತ್ತು ತಿಳಿವಳಿಕೆಗೆ ಒತ್ತು ಕೊಟ್ಟಿತು. ಸೊಂಟಪಟ್ಟಿ, ಎಳೆತದ ಚಿಕಿತ್ಸೆ, ಅಫೀಮು ಜಾತಿಯ ನೋವುಮಾತ್ರೆಗಳನ್ನು ವಾಡಿಕೆಯಾಗಿ ಕೊಡಬಾರದೆಂದಿತು.

ನಮ್ಮ ಹಳ್ಳಿಗಳಲ್ಲಿ ಸೊಂಟ ಉಳುಕಿದವರು ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದುಂಟು. ಮರುವಾರ ನೋವು ಹೋದರೆ ಒದೆತಕ್ಕೆ ಕೀರ್ತಿ. ಆದರೆ ಹೀಗೆ ಥಟ್ಟನೆ ಬಂದ ಸೊಂಟನೋವು ಬಹುಪಾಲು ಜನರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಆ ಅವಧಿಯಲ್ಲಿ ಒದೆಸಿಕೊಂಡರೂ, ದುಬಾರಿ ಪಟ್ಟಿ ಕಟ್ಟಿಕೊಂಡರೂ, ಮುಲಾಮು ಹಚ್ಚಿದರೂ ಅದೇ ಗುಣಪಡಿಸಿತು ಎನಿಸುತ್ತದೆ. ಏಕೆ, ಹೇಗೆ ಎಂದು ಕೇಳದೆ ಏನನ್ನೂ ಒಪ್ಪಬಾರದೆಂದು ಜೀವಮಾನವಿಡೀ ಕಲಿಸಿದ ಭೌತಶಾಸ್ತ್ರದ ಮೇಷ್ಟ್ರು ನರಸಿಂಹಯ್ಯನವರ ತಾಲ್ಲೂಕಿನಲ್ಲಿ ಈ ಪ್ರಶ್ನೆಯನ್ನು ಎತ್ತುವುದು ಉಚಿತವೇ ಆಗಿದೆ.

ಇಂದಿನ ಪ್ರಯಾಣಕ್ಕೆ

ಚರಿತ್ರೆಯಿಂದ ನಾವು ಕಲಿಯಬಹುದಾದದ್ದು ಇಷ್ಟು. ಹಳೆಯ ದಾರಿಯಲ್ಲಿ ಕುಲುಕಾಟ ಹೆಚ್ಚು, ಆದರೆ ನಿಲುಗಡೆಗಳೂ ಹೆಚ್ಚು. ಹೊಸ ದಾರಿಯಲ್ಲಿ ಕುಲುಕಾಟ ತಗ್ಗಿತು, ಜೊತೆಗೆ ನಿಲುಗಡೆಗಳೂ ಮಾಯವಾದವು. ಎರಡು ದಿನದ ದಾರಿ ಎರಡು ಗಂಟೆಯ ಆಸುಪಾಸಿಗೆ ಇಳಿಯಿತು, ಆ ಎರಡು ಗಂಟೆ ಮಾತ್ರ ನಾವು ಅಲುಗದೆ ಕೂರಬೇಕಾಯಿತು. ಆದ್ದರಿಂದ ಕಳೆದುಹೋದ ನಿಲುಗಡೆಯನ್ನು ನಾವೇ ಮತ್ತೆ ಸೇರಿಸಿಕೊಳ್ಳಬೇಕು.

ಹೊರಾಂಗಣ ಚಿತ್ರೀಕರಣಕ್ಕೆ ದಿನವಿಡೀ ಜೀಪಿನಲ್ಲಿ ಹೋಗುವ ನಮ್ಮ ತಂಡದವರು ಪಾಲಿಸುವ ಕ್ರಮ ಸರಳವಾದದ್ದು. ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಎಲ್ಲರೂ ಇಳಿದು ನಾಲ್ಕು ಹೆಜ್ಜೆ ಹಾಕುತ್ತಾರೆ. ಊರು ತಲುಪಿದ ಕೂಡಲೇ ಕ್ಯಾಮೆರಾ ಪೆಟ್ಟಿಗೆಗೆ ಕೈ ಹಾಕುವುದಿಲ್ಲ, ಐದು ನಿಮಿಷ ಓಡಾಡಿದ ಮೇಲೆಯೇ ಭಾರ ಎತ್ತುತ್ತಾರೆ. ಬಹಳ ಹೊತ್ತು ಬಗ್ಗಿ ಕೂತ ಬೆನ್ನು ತಕ್ಷಣ ಭಾರ ತಡೆಯಲು ಸಿದ್ಧವಿರುವುದಿಲ್ಲ.

ನೀವೂ ಕೆಲವನ್ನು ರೂಢಿಸಿಕೊಳ್ಳಬಹುದು. ಬಸ್ಸಿನಲ್ಲಿ ಆಯ್ಕೆ ಇದ್ದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಸೀಟು ಹಿಡಿಯಿರಿ, ಹಿಂಬದಿಯ ಚಕ್ರದಾಚೆಯ ಕೊನೆಯ ಸೀಟಿನಲ್ಲಿ ಎತ್ತಿಹಾಕುವುದು ಹೆಚ್ಚು. ಸೊಂಟದ ಒಳಬಾಗಿಗೆ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಂಡರೆ ಹಲವರಿಗೆ ಹಿತವಾಗುತ್ತದೆ. ಹಿಂಜೇಬಿನ ದಪ್ಪ ಪರ್ಸನ್ನು ತೆಗೆದು ಕೂರಿ. ಪುಸ್ತಕದ ಚೀಲವನ್ನು ಒಂದೇ ಹೆಗಲಿಗೆ ನೇತುಹಾಕದೆ ಎರಡೂ ಹೆಗಲಿಗೆ ಹಂಚಿ. ನೆಲದ ಮೇಲಿನ ಚೀಲವನ್ನು ಮಂಡಿ ಬಗ್ಗಿಸಿ, ಮೈಗೆ ಹತ್ತಿರ ತಂದುಕೊಂಡು ಎತ್ತಿ. ರೈಲಿನಲ್ಲಿ ಸೀಟು ಸಿಕ್ಕರೂ ನಡುವೆ ಒಮ್ಮೆ ಎದ್ದು, ಕಂಬಿ ಹಿಡಿದು ನಿಂತುಕೊಳ್ಳಿ. ಆಗ ನಿಂತಿರುವ ಇನ್ನೊಬ್ಬರಿಗೂ ಸ್ವಲ್ಪ ಹೊತ್ತು ಕೂರುವ ಅವಕಾಶ ಸಿಗುತ್ತದೆ.

ಒಂದು ಎಚ್ಚರಿಕೆ. ಬೆನ್ನುನೋವಿನ ಜೊತೆಗೆ ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮಲಮೂತ್ರದ ಹತೋಟಿ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿದ್ದು ಪೆಟ್ಟಾದ ಮೇಲಿನ ನೋವು, ಜ್ವರದೊಂದಿಗೆ ಬರುವ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರ ನೋವನ್ನೂ ವೈದ್ಯರಿಗೆ ತೋರಿಸಲೇಬೇಕು. ಇವು ಕಾಯುವ ನೋವುಗಳಲ್ಲ.

ಕೊನೆಯದಾಗಿ ನಿಮಗೊಂದು ಕೆಲಸ. ನಿಮ್ಮ ಊರಿನ ಹಳೆಯ ದಾರಿಯಲ್ಲಿ ಹೊರೆ ಇಳಿಸುವ ಕಲ್ಲು ಇದೆಯೇ ಎಂದು ಹಿರಿಯರನ್ನು ಕೇಳಿ. ಇದ್ದರೆ ಅದರ ಎತ್ತರ ಅಳೆಯಿರಿ. ನೆಡಿಸಿದವರು ಯಾರು, ಯಾವ ಸಂತೆಯ ದಾರಿ ಅದು, ಅದಕ್ಕೆ ಯಾವ ಹೆಸರಿತ್ತು ಎಂದು ಬರೆದುಕೊಳ್ಳಿ. ರಸ್ತೆ ಅಗಲ ಮಾಡುವಾಗ ಇಂಥ ಕಲ್ಲುಗಳು ಸದ್ದಿಲ್ಲದೆ ಕಾಣೆಯಾಗುತ್ತವೆ. ಆಮೇಲೆ ನಿಮ್ಮ ಊರಿನ ಬಸ್ ನಿಲ್ದಾಣಕ್ಕೆ ಹೋಗಿ, ಗರ್ಭಿಣಿಯರೂ ಮುದುಕರೂ ಪಾಳಿ ಮುಗಿಸಿ ಬಂದವರೂ ಕೂರಲು ಅಲ್ಲಿ ಬೆಂಚು ಎಷ್ಟಿದೆ, ಚೀಲ ಇಳಿಸಲು ಜಾಗ ಎಲ್ಲಿದೆ ಎಂದು ಎಣಿಸಿ. ಎರಡೂ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ನಿಮ್ಮ ಗ್ರಾಮ ಪಂಚಾಯಿತಿಗೋ ಪುರಸಭೆಗೋ ಕೊಡಿ.